‘ಹೌದಾ?’ ಅಂತ ನಾನು ಕಳಿಸಿದ ಒಂದು ಮೆಸೇಜ್

ನಾನು ಅರಸೀಕೆರೆ ತಾಲ್ಲೂಕು ಕಣಕಟ್ಟೆಯ ಹುಡುಗ. ಪದವಿ ಮೊದಲ ವರ್ಷ ಓದ್ತಾ ಇದ್ದೀನಿ. ಬೆಳಿಗ್ಗೆ ಬಸ್ ಹತ್ತಿ ಅರಸೀಕೆರೆಗೆ ಹೋಗೋದು, ಸಂಜೆ ವಾಪಸ್ ಬರೋದು, ಇದೇ ನನ್ನ ದಿನಚರಿ. ದಾರಿಯಲ್ಲಿ ತೆಂಗಿನ ತೋಟ, ರಾಗಿ ಹೊಲ ಎಲ್ಲಾ ಇವೆ. ಆದ್ರೆ ನಿಜ ಹೇಳಬೇಕು ಅಂದ್ರೆ ನಾವ್ಯಾರೂ ಕಿಟಕಿ ಆಚೆ ನೋಡಲ್ಲ. ಎಲ್ಲರ ತಲೆನೂ ಫೋನ್ ಮೇಲೆ ಬಗ್ಗಿರುತ್ತೆ. ನೀವೂ ಈಗ ಇದನ್ನ ಬಸ್ಸಲ್ಲೇ ಕೇಳ್ತಾ ಇರಬಹುದು.

ಇವತ್ತಿನ ವಿಷಯ ಆನ್‌ಲೈನ್ ಸುರಕ್ಷತೆ. ಈ ವಿಷಯ ಬಂದ್ರೆ ಕಾಲೇಜಲ್ಲಿ ಮೊದಲು ಹೇಳೋದು, ‘ಓಟಿಪಿ ಯಾರಿಗೂ ಕೊಡಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ’ ಅಂತ. ಅದೆಲ್ಲಾ ಸರಿ. ಆದ್ರೆ ಆ ಮಾತುಗಳಲ್ಲಿ ನಾವು ಯಾವಾಗಲೂ ಮೋಸ ಹೋಗೋರು, ಮೋಸ ಮಾಡೋನು ಎಲ್ಲೋ ದೂರದಲ್ಲಿರ್ತಾನೆ. ನಮ್ಮಿಂದಲೇ ಇನ್ನೊಬ್ಬರಿಗೆ ಅಪಾಯ ಆಗಬಹುದು ಅನ್ನೋದನ್ನ ಯಾರೂ ಅಷ್ಟಾಗಿ ಹೇಳಲ್ಲ. ಅದನ್ನ ನಾನು ಹೇಳ್ತೀನಿ. ಯಾಕಂದ್ರೆ ನನ್ನಿಂದ ಒಬ್ಬರಿಗೆ ಆಗಿದೆ.

2024ರ ಏಪ್ರಿಲ್ ತಿಂಗಳು ನಮ್ಮ ಹಾಸನ ಜಿಲ್ಲೆಯವರು ಯಾರೂ ಮರೆಯಲ್ಲ. 26ನೇ ತಾರೀಖು ಲೋಕಸಭೆ ಚುನಾವಣೆಯ ಮತದಾನ. ಅದಕ್ಕೆ ಕೆಲವೇ ದಿನ ಮುಂಚೆ ಪೆನ್ ಡ್ರೈವ್‌ಗಳು ಹರಿದಾಡೋಕೆ ಶುರುವಾದವು. ಅವುಗಳಲ್ಲಿ ಆಗಿನ ನಮ್ಮ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದ್ದು ಎನ್ನಲಾದ ವಿಡಿಯೊಗಳಿದ್ದವು. ಮತದಾನದ ಮರುದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವಿಶೇಷ ತನಿಖಾ ತಂಡ, ಅಂದ್ರೆ ಎಸ್‌ಐಟಿ, ರಚನೆ ಮಾಡೋದಾಗಿ ಹೇಳಿದರು. ಆಮೇಲಿನ ರಾಜಕೀಯ ನಿಮಗೆ ಗೊತ್ತೇ ಇದೆ, ಟಿವಿಯಲ್ಲಿ ತಿಂಗಳುಗಟ್ಟಲೆ ಬಂತು.

ನಾನು ಆ ರಾಜಕೀಯ ಮಾತಾಡೋಕೆ ಬಂದಿಲ್ಲ. ಆ ಪೆನ್ ಡ್ರೈವ್‌ಗಳನ್ನ ಹಂಚಿದವರು ಒಂದು ಕೆಲಸ ಮಾಡಲಿಲ್ಲ. ಅದರಲ್ಲಿದ್ದ ಹೆಣ್ಣುಮಕ್ಕಳ ಮುಖ ಮುಚ್ಚಲಿಲ್ಲ. ಪೆನ್ ಡ್ರೈವ್‌ನಿಂದ ಫೋನಿಗೆ, ಒಂದು ಫೋನಿಂದ ನೂರು ಫೋನಿಗೆ ಆ ಮುಖಗಳು ಹೋದವು. ಕೆಲವು ಮಹಿಳೆಯರು ಮನೆ, ಊರು ಬಿಟ್ಟು ಹೋದರು ಅಂತ ಆಗ ವರದಿಗಳು ಬಂದವು.

ನಾನಾಗ ಪ್ರಥಮ ಪಿಯುಸಿ ಮುಗಿಸಿ ರಜೆಯಲ್ಲಿದ್ದೆ. ಹದಿನೇಳು ವರ್ಷ. ನನಗೆ ಓಟು ಇರಲಿಲ್ಲ. ಫೋನ್ ಇತ್ತು.

ನಮ್ಮ ಒಂದು ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಕ್ಲಿಪ್ ಬಂತು. ನನ್ನ ಫೋನಲ್ಲಿ ಆಟೋ ಡೌನ್‌ಲೋಡ್ ಆನ್ ಇತ್ತು, ಕೇಳದೆಯೇ ಗ್ಯಾಲರಿಗೆ ಬಂದು ಕೂತಿತ್ತು. ತೆರೆದೆ. ಏನು ಅಂತ ಗೊತ್ತಾದ ತಕ್ಷಣ ಮುಚ್ಚಿ ಡಿಲೀಟ್ ಮಾಡಿದೆ. ಆವತ್ತು ನನಗೆ ನನ್ನ ಬಗ್ಗೆನೇ ಹೆಮ್ಮೆ ಆಯ್ತು. ‘ನೋಡು, ನಾನು ಫಾರ್ವರ್ಡ್ ಮಾಡಲಿಲ್ಲ, ನಾನು ಒಳ್ಳೆ ಹುಡುಗ’ ಅಂದುಕೊಂಡೆ.

ಎರಡು ದಿನ ಬಿಟ್ಟು ಅದೇ ಗ್ರೂಪಿಗೆ ಒಂದು ಮೆಸೇಜ್ ಬಂತು. ವಿಡಿಯೊ ಅಲ್ಲ, ಫೋಟೊನೂ ಅಲ್ಲ. ಬರೀ ಎರಡು ಸಾಲು. ಇಂಥ ಊರು, ಇಂಥ ಕೆಲಸ, ಇಂಥ ಬಸ್ಸಲ್ಲಿ ಓಡಾಡ್ತಾರೆ, ಅವರೇ ಇವರು ಅಂತ. ಹೆಸರೇ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ನಮ್ಮ ಬಸ್ಸಲ್ಲಿ ದಿನಾ ಬರೋ ಒಬ್ಬ ಅಕ್ಕ ನನ್ನ ಕಣ್ಣಮುಂದೆ ಬಂದರು.

ನಾನು ಆ ಎರಡು ಸಾಲನ್ನ ಇನ್ನೆರಡು ಗ್ರೂಪಿಗೆ ಕಳಿಸಿದೆ. ಕೆಳಗೆ ಒಂದೇ ಪದ ಬರೆದೆ. ‘ಹೌದಾ?’

ನೋಡಿ, ನಾನು ಏನನ್ನೂ ಆರೋಪ ಮಾಡಲಿಲ್ಲ, ಬರೀ ಕೇಳಿದೆ. ಕೊನೆಗೆ ಪ್ರಶ್ನೆ ಚಿಹ್ನೆ ಕೂಡ ಹಾಕಿದ್ದೆ. ಆಗ ನನಗೆ ಹಾಗೇ ಅನ್ನಿಸಿದ್ದು.

ಆ ಅಕ್ಕ ಯಾವ ಊರು, ಏನು ಕೆಲಸ ಅಂತ ನಾನಿಲ್ಲಿ ಹೇಳಲ್ಲ. ಹೇಳಿದ್ರೆ ಅದೇ ತಪ್ಪನ್ನ ಇನ್ನೊಂದ್ಸಲ, ಇನ್ನೂ ದೊಡ್ಡ ಮೈಕಲ್ಲಿ ಮಾಡಿದ ಹಾಗೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ ಎಷ್ಟು ಬದಲಾಗಿತ್ತು ಗೊತ್ತಾ? ಕೆಲಸಕ್ಕೆ ಹೋಗೋರು, ಸಂತೆಗೆ ಹೋಗೋರು, ಆಸ್ಪತ್ರೆಗೆ ಹೋಗೋರು, ಬಸ್ ತುಂಬಾ ಹೆಂಗಸರ ಮಾತು. ಈ ಅಕ್ಕನೂ ಅವರಲ್ಲಿ ಒಬ್ಬರು. ಅದಕ್ಕೂ ಮುಂಚೆ ಟಿಕೆಟ್ ದುಡ್ಡು ಉಳಿಸೋಕೆ ವಾರಕ್ಕೆ ಎರಡು ದಿನ ಯಾರದಾದ್ರೂ ಗಾಡಿಗೆ ಕಾಯ್ತಿದ್ದೆ ಅಂತ ಅವರೇ ನಮ್ಮಮ್ಮನ ಹತ್ರ ಹೇಳಿದ್ದರು.

ಕಾಲೇಜು ಮತ್ತೆ ಶುರುವಾದಾಗ ಒಂದಿನ ಬಸ್ ತುಂಬಿ ತುಳುಕ್ತಾ ಇತ್ತು. ಅವರ ಪಕ್ಕದ ಸೀಟು ಮಾತ್ರ ಖಾಲಿ. ಜನ ನಿಂತಿದ್ದರು, ಯಾರೂ ಕೂರಲಿಲ್ಲ. ಹಿಂದಿನ ಸೀಟಿನ ಹುಡುಗರು ಫೋನ್ ನೋಡೋದು, ಅವರನ್ನ ನೋಡೋದು, ಮತ್ತೆ ಫೋನ್ ನೋಡೋದು. ನಾನೂ ನಿಂತಿದ್ದೆ. ನಾನೂ ಕೂರಲಿಲ್ಲ. ಅದಾಗಿ ಒಂದು ವಾರಕ್ಕೆ ಆ ಅಕ್ಕ ಬಸ್ಸಿಗೆ ಬರೋದು ನಿಂತಿತು. ಕೆಲಸ ಬಿಟ್ಟರಂತೆ ಅಂತ ಅಮ್ಮ ಹೇಳಿದರು. “ಪಾಪ ಕಣ್ಲಾ, ಮರ್ಯಾದಸ್ಥೆ. ಮರ್ಯಾದೆ ತೆಗೆದುಬಿಟ್ರು” ಅಂದರು. ಯಾರು ತೆಗೆದದ್ದು ಅಂತ ಅಮ್ಮನಿಗೆ ಗೊತ್ತಿರಲಿಲ್ಲ.

ನಾನು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾನು ಕಳಿಸಿದ್ದು ಬರೀ ಟೆಕ್ಸ್ಟ್. ಎಲ್ಲರೂ ಕಳಿಸಿದ್ದರು. ನಾನೊಬ್ಬ ಕಳಿಸದಿದ್ರೂ ಹೋಗ್ತಿತ್ತು.

ಬರೀ ಟೆಕ್ಸ್ಟ್ ಏನು ಮಾಡುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಅನ್ನೋ ಊರಲ್ಲಿ, ಹೈದರಾಬಾದಿಂದ ಬಂದಿದ್ದ ಒಬ್ಬ ಯುವ ಎಂಜಿನಿಯರ್‌ನನ್ನ ಜನ ಹೊಡೆದು ಕೊಂದರು. ಅವನ ಜೊತೆಗಿದ್ದವರಿಗೂ ಏಟು ಬಿತ್ತು. ಅವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ‘ಮಕ್ಕಳ ಕಳ್ಳರು’ ಅಂತ ವಾಟ್ಸ್‌ಆ್ಯಪಲ್ಲಿ ಹಬ್ಬಿತ್ತು. ಅದೇ ತಿಂಗಳು, ದೇಶದಲ್ಲಿ ಇಂಥ ಸಾವುಗಳು ಹೆಚ್ಚಾದ ಮೇಲೆ, ಭಾರತದಲ್ಲಿ ಒಂದು ಸಲಕ್ಕೆ 5 ಚಾಟ್‌ಗೆ ಮಾತ್ರ ಫಾರ್ವರ್ಡ್ ಮಾಡಬಹುದು ಅಂತ ವಾಟ್ಸ್‌ಆ್ಯಪ್ ಮಿತಿ ಹಾಕೋಕೆ ಶುರು ಮಾಡಿತು. ಆ್ಯಪ್‌ಗೆ ಮಿತಿ ಬಂತು. ನಮ್ಮ ಕೈಗೆ ಬರಲಿಲ್ಲ. ನನಗೆ ಐದು ಬೇಕಾಗಿರಲಿಲ್ಲ, ಎರಡೇ ಸಾಕಾಯ್ತು.

ಈಗ ಕಾನೂನು ಏನು ಹೇಳುತ್ತೆ ಅಂತ ಸ್ವಲ್ಪ ಹೇಳ್ತೀನಿ. ಆವತ್ತು ನನಗೆ ಇದೊಂದೂ ಗೊತ್ತಿರಲಿಲ್ಲ. ಐಟಿ ಕಾಯ್ದೆಯ 67ಎ ಸೆಕ್ಷನ್ ಪ್ರಕಾರ ಲೈಂಗಿಕ ದೃಶ್ಯವನ್ನ ಪ್ರಕಟಿಸಿದವರು ಮಾತ್ರ ಅಲ್ಲ, ರವಾನೆ ಮಾಡಿದವರೂ ಅಪರಾಧಿಗಳೇ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಫಾರ್ವರ್ಡ್ ಅಂದ್ರೆ ರವಾನೆನೇ. ಹಾಸನದ ವಿಡಿಯೊಗಳನ್ನ ಹಂಚಿದವರ ಮೇಲೂ ಕ್ರಮ ಆಗುತ್ತೆ ಅಂತ 2024ರ ಮೇ ತಿಂಗಳಲ್ಲಿ ಎಸ್‌ಐಟಿಯೇ ಎಚ್ಚರಿಕೆ ಕೊಟ್ಟಿತ್ತು. ಇನ್ನು ಅತ್ಯಾಚಾರ ಪ್ರಕರಣದ ಸಂತ್ರಸ್ತೆಯ ಹೆಸರು, ಅಥವಾ ಅವರು ಯಾರು ಅಂತ ಗೊತ್ತಾಗೋ ಯಾವುದೇ ವಿವರ ಪ್ರಕಟಿಸಿದ್ರೆ 2 ವರ್ಷದವರೆಗೆ ಜೈಲು. ಆಗ ಅದು ಐಪಿಸಿ 228ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಊರು, ಕೆಲಸ, ಬಸ್ಸು. ಗುರುತು ಸಿಗೋಕೆ ಇನ್ನೇನು ಬೇಕು?

2025ರ ಆಗಸ್ಟ್ 1ರಂದು, ಆ ಪ್ರಕರಣಗಳ ಪೈಕಿ ಒಂದರಲ್ಲಿ, ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಪ್ರಜ್ವಲ್ ರೇವಣ್ಣ ಅಪರಾಧಿ ಅಂತ ತೀರ್ಪು ಕೊಟ್ಟಿತು. ಮರುದಿನ ಜೀವಾವಧಿ ಶಿಕ್ಷೆ. ಅವರು ಹೈಕೋರ್ಟ್‌ಗೆ ಮೇಲ್ಮನವಿ ಹಾಕಿದ್ದಾರೆ. ಆ ಕೇಸಲ್ಲಿ ದೂರು ಕೊಟ್ಟಿದ್ದು ಒಬ್ಬ ಮನೆಗೆಲಸದ ಮಹಿಳೆ. ತೀರ್ಪಿನ ಸುದ್ದಿಯನ್ನ ನಾನು ಬಸ್ಸಲ್ಲಿ ಕೂತು ಪೂರ್ತಿ ಓದಿದೆ. ಎಲ್ಲೂ ಆ ಮಹಿಳೆಯ ಹೆಸರಿಲ್ಲ. ಇರಬಾರದು ಕೂಡ. ಅಷ್ಟು ದೊಡ್ಡವರ ಎದುರು ಕೋರ್ಟಲ್ಲಿ ನಿಂತು ಸಾಕ್ಷಿ ಹೇಳಿದ ಹೆಂಗಸಿನ ಹೆಸರನ್ನ ನ್ಯಾಯಾಲಯ ಕಾಪಾಡಿದೆ, ಪತ್ರಿಕೆಗಳು ಕಾಪಾಡಿವೆ. ಏನೂ ಕೇಳದೆ ತನ್ನ ಪಾಡಿಗೆ ಬಸ್ಸಲ್ಲಿ ಹೋಗ್ತಿದ್ದ ಒಬ್ಬರನ್ನ ನಾನು ಕಾಪಾಡಲಿಲ್ಲ. ಅವತ್ತು ನನಗೆ ಕೂರೋಕಾಗಲಿಲ್ಲ.

ಕೆಲವು ವಾರ ಕಳೆದು ಆ ಅಕ್ಕ ಮತ್ತೆ ಬಸ್ಸಿಗೆ ಬರೋಕೆ ಶುರು ಮಾಡಿದರು. ಬೇರೆ ಕಡೆ ಕೆಲಸ ಸಿಕ್ಕಿತ್ತು. ಒಂದು ಸಂಜೆ ಅರಸೀಕೆರೆ ಬಸ್ ಸ್ಟ್ಯಾಂಡಲ್ಲಿ ಹತ್ತಿರ ಹೋಗಿ ಎಲ್ಲಾ ಹೇಳಿಬಿಟ್ಟೆ. ಕಾಲು ನಡುಗ್ತಿತ್ತು. “ಅಕ್ಕ, ಆ ಮೆಸೇಜ್ ನಾನೂ ಕಳಿಸಿದ್ದೆ, ತಪ್ಪಾಯ್ತು” ಅಂದೆ. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ “ನೀನೊಬ್ಬನಾದ್ರೂ ಬಂದು ಹೇಳ್ದೆ” ಅಂದರು. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಈ ಪಾಡ್‌ಕಾಸ್ಟ್‌ಗೆ ಮಾತಾಡೋ ಮುಂಚೆ ಅವರನ್ನ ಕೇಳಿದೆ, “ಅಕ್ಕ, ಇದನ್ನ ಹೇಳಲಾ? ನೀವು ಆ ವಿಡಿಯೊದಲ್ಲಿ ಇರಲೇ ಇಲ್ಲ ಅಂತ ಎಲ್ಲರಿಗೂ ಗೊತ್ತಾಗಲಿ” ಅಂತ. ಅದಕ್ಕೆ ಅವರು ಅಂದರು, “ಹೇಳು. ಆದ್ರೆ ನಾನು ಇದ್ದೆ ಅಂತಲೂ ಹೇಳ್ಬೇಡ, ಇರ್ಲಿಲ್ಲ ಅಂತಲೂ ಹೇಳ್ಬೇಡ. ಇದ್ದಿದ್ರೆ ನೀವು ಮಾಡಿದ್ದು ಸರಿಯಾಗ್ತಿತ್ತಾ?”

ನನ್ನ ಹತ್ರ ಉತ್ತರ ಇರಲಿಲ್ಲ. ನನ್ನ ಇಡೀ ಪಶ್ಚಾತ್ತಾಪ ನಿಂತಿದ್ದೇ ‘ಅಯ್ಯೋ, ನಿರಪರಾಧಿ ಹೆಂಗಸಿಗೆ ಹೀಗೆ ಮಾಡಿಬಿಟ್ಟೆ’ ಅನ್ನೋದರ ಮೇಲೆ. ಅಂದ್ರೆ ಆ ವಿಡಿಯೊಗಳಲ್ಲಿ ನಿಜವಾಗಲೂ ಇದ್ದ ಹೆಂಗಸರೇನು ಅಪರಾಧಿಗಳಾ? ಅವರ ಪಕ್ಕದ ಸೀಟು ಖಾಲಿ ಬಿಡಬಹುದಾ? ನನ್ನ ತಪ್ಪು, ಸುಳ್ಳನ್ನ ಕಳಿಸಿದ್ದು ಅಲ್ಲ. ಕೇಳಬಾರದ್ದನ್ನ ಕೇಳಿದ್ದು. ‘ಹೌದಾ?’ ಅನ್ನೋ ಆ ಪ್ರಶ್ನೆಯೇ ತಪ್ಪು. ನಿಜವಾದ್ರೂ ಕಳಿಸಬಾರದ ಮಾತುಗಳಿವೆ. ಫ್ಯಾಕ್ಟ್ ಚೆಕ್ ಮಾಡಿದ್ರೆ ಮಾತ್ರ ಸಾಲದು ಫ್ರೆಂಡ್ಸ್.

ಇಂಥ ಹೊತ್ತಲ್ಲಿ ನಮ್ಮ ಕಡೆ ಒಂದು ಮಾತು ಹೇಳ್ತಾರೆ, ‘ನಿನಗೆ ಅಕ್ಕ-ತಂಗಿ ಇಲ್ವೇನೋ?’ ಅಂತ. ಒಳ್ಳೆ ಉದ್ದೇಶದಿಂದಲೇ ಹೇಳೋದು. ಆದ್ರೆ ನನಗೆ ಅಕ್ಕ-ತಂಗಿ ಇಲ್ಲ ಅಂತಿಟ್ಟುಕೊಳ್ಳಿ, ಆಗ ಕಳಿಸಬಹುದಾ? ಒಬ್ಬರಿಗೆ ಗೌರವ ಕೊಡೋಕೆ ಅವರು ನಮ್ಮ ಮನೆಯವರೇ ಆಗಿರಬೇಕಾಗಿಲ್ಲ. ‘ಮರ್ಯಾದೆ ಹೋಯ್ತು’ ಅನ್ನೋ ಮಾತನ್ನೂ ನಾವು ಯಾವಾಗಲೂ ಹೆಂಗಸಿಗೇ ಅಂಟಿಸ್ತೀವಿ. ನಮ್ಮ ಬಸ್ಸಲ್ಲಿ ಆ ದಿನ ಮರ್ಯಾದೆ ಬಿಟ್ಟು ನಿಂತಿದ್ದು ನಾವು.

ಕೊನೆಗೆ, ಕೈಯಲ್ಲಾಗೋ ಕೆಲವು ಕೆಲಸ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಮೀಡಿಯಾ ಆಟೋ ಡೌನ್‌ಲೋಡ್ ಆಫ್ ಮಾಡಿ. ಯಾರು ಬೇಕಾದ್ರೂ ನಿಮ್ಮನ್ನ ಗ್ರೂಪಿಗೆ ಸೇರಿಸೋ ಹಾಗಿದ್ರೆ ಅದನ್ನ ನಿಮ್ಮ ಕಾಂಟ್ಯಾಕ್ಟ್‌ನವರಿಗೆ ಮಾತ್ರ ಅಂತ ಬದಲಾಯಿಸಿ. ಗ್ರೂಪಿಗೆ ಇಂಥದ್ದು ಬಂದ್ರೆ ಸುಮ್ಮನೆ ಡಿಲೀಟ್ ಮಾಡಿ ಕೂರಬೇಡಿ. ‘ತೆಗಿರೋ ಇದನ್ನ’ ಅಂತ ಬರೆಯಿರಿ, ರಿಪೋರ್ಟ್ ಮಾಡಿ. ನಾನು ಅವತ್ತು ಅಷ್ಟು ಮಾಡಿದ್ದಿದ್ರೆ ಸಾಕಿತ್ತು.

ನಿಮ್ಮದೇ ಫೋಟೊ, ವಿಡಿಯೊ ಇಟ್ಟುಕೊಂಡು ಯಾರಾದ್ರೂ ಹೆದರಿಸ್ತಾ ಇದ್ರೆ ದುಡ್ಡು ಕೊಡಬೇಡಿ. ಕೊಟ್ಟರೆ ಮತ್ತೆ ಕೇಳ್ತಾರೆ. ಚಾಟ್, ನಂಬರ್, ಪ್ರೊಫೈಲ್ ಲಿಂಕ್ ಉಳಿಸಿಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಮಹಿಳೆಯರು, ಮಕ್ಕಳಿಗೆ ಸಂಬಂಧಿಸಿದ ಇಂಥ ದೂರುಗಳನ್ನ ಹೆಸರು ಹೇಳದೆಯೂ ಕೊಡೋಕೆ ಅವಕಾಶ ಇದೆ. ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಹದಿನೆಂಟು ತುಂಬದವರಿಗೆ 1098 ಮಕ್ಕಳ ಸಹಾಯವಾಣಿ ಇದೆ. ಹಾಸನದಲ್ಲಿ ಸೈಬರ್ ಅಪರಾಧದ ದೂರು ಕೊಡೋಕೆ ಪೊಲೀಸ್ ಠಾಣೆ ಇದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸ್ಟಾಪ್‌ಎನ್‌ಸಿಐಐ ಅಂತ ಒಂದು ಉಚಿತ ವೆಬ್‌ಸೈಟ್ ಇದೆ, ಹದಿನೆಂಟು ದಾಟಿದವರಿಗೆ. ಅದು ನಿಮ್ಮ ಫೋಟೊದಿಂದ ನಿಮ್ಮ ಫೋನಲ್ಲೇ ಒಂದು ಸಂಕೇತ ತಯಾರಿಸುತ್ತೆ. ಫೋಟೊ ಎಲ್ಲಿಗೂ ಹೋಗಲ್ಲ, ಸಂಕೇತ ಮಾತ್ರ ಹೋಗುತ್ತೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಡೆ ಯಾರಾದ್ರೂ ಅದೇ ಫೋಟೊ ಹಾಕಿದ್ರೆ ಆ ಸಂಕೇತದಿಂದ ಪತ್ತೆ ಹಚ್ಚಿ ತಡೆಯಬಹುದು. ಹದಿನೆಂಟರ ಒಳಗಿನವರಿಗೆ ಇದೇ ತರ ಟೇಕ್ ಇಟ್ ಡೌನ್ ಇದೆ. ಮುಖ್ಯವಾಗಿ, ಮನೇಲಿ ಒಬ್ಬರಿಗಾದ್ರೂ ಹೇಳಿ. ತಪ್ಪು ಮಾಡಿದ್ದು ನೀವಲ್ಲ.

ಈಗ ನಾನು ಬಸ್ ಹತ್ತಿದಾಗ ಆ ಅಕ್ಕ ಇದ್ದರೆ ಪಕ್ಕದಲ್ಲಿ ಜಾಗ ಇದೆಯಾ ಅಂತ ನೋಡ್ತೀನಿ. ಹೆಚ್ಚಿನ ದಿನ ಇರಲ್ಲ. ಯಾರೋ ಕೂತಿರ್ತಾರೆ, ಇಬ್ಬರೂ ಮಾತಾಡ್ತಾ ಇರ್ತಾರೆ. ನಾನು ಹಿಂದೆ ಹೋಗಿ ನಿಲ್ತೀನಿ.