ಆಪರೇಷನ್ ನಂತರದ ತೊಂದರೆ: ತೊಡಕೋ, ನಿರ್ಲಕ್ಷ್ಯವೋ?
(ಆರೋಗ್ಯ ಶಿಬಿರದಲ್ಲಿ ಹಿರಿಯರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)

ಬೆಳಗಿನಿಂದ ಬಿಪಿ, ಶುಗರ್ ಪರೀಕ್ಷೆಗೆ ಸಾಲಿನಲ್ಲಿ ನಿಂತು ದಣಿದಿದ್ದೀರಿ. ಪ್ರಸಾದದ ಹೊತ್ತೂ ಹತ್ತಿರವಾಗುತ್ತಿದೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬಂದಿರುವ ನಿಮ್ಮಲ್ಲಿ ಅನೇಕರು ಊರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡವರು, ಮಂಡಿ ಕೀಲು ಬದಲಿಸಿಕೊಂಡವರು. ಆಪರೇಷನ್ ಆದ ಮೇಲೆ ಏನಾದರೂ ತೊಂದರೆಯಾದರೆ ಎರಡು ಬಗೆಯ ಮಾತು ಕೇಳಿಸುತ್ತದೆ. ಕೆಲವರು "ಆ ಡಾಕ್ಟರು ಕೆಡಿಸಿಬಿಟ್ಟರು" ಅನ್ನುತ್ತಾರೆ. ಇನ್ನು ಕೆಲವರು "ನಮ್ಮ ಹಣೆಬರಹ, ಯಾರನ್ನು ಅಂದು ಏನು ಪ್ರಯೋಜನ" ಎಂದು ಸುಮ್ಮನಾಗುತ್ತಾರೆ. ಎರಡೂ ಅವಸರದ ತೀರ್ಮಾನಗಳೇ. ಮೊದಲನೆಯದರಿಂದ ಸರಿಯಾಗಿ ಕೆಲಸ ಮಾಡಿದ ವೈದ್ಯರಿಗೆ ಅನ್ಯಾಯವಾಗುತ್ತದೆ. ಎರಡನೆಯದರಿಂದ ನಿಮಗೆ ಅನ್ಯಾಯವಾಗುತ್ತದೆ, ಒಮ್ಮೊಮ್ಮೆ ಜೀವಕ್ಕೇ ಅಪಾಯವಾಗುತ್ತದೆ.

ಎರಡರ ನಡುವಿನ ವ್ಯತ್ಯಾಸ

ತೊಡಕು ಎಂದರೆ ಎಲ್ಲವನ್ನೂ ಕ್ರಮವಾಗಿ ಮಾಡಿದರೂ ಕೆಲವರಿಗೆ ಆಗಿಯೇ ಆಗುವ ತೊಂದರೆ. ವಯಸ್ಸು, ಸಕ್ಕರೆ ಕಾಯಿಲೆ, ತಂಬಾಕಿನ ಅಭ್ಯಾಸ ಇವೆಲ್ಲ ಅದನ್ನು ಹೆಚ್ಚಿಸುತ್ತವೆ. ನಿರ್ಲಕ್ಷ್ಯ ಎಂದರೆ ಆ ವಿದ್ಯೆ ಕಲಿತ ಒಬ್ಬ ಸಾಮಾನ್ಯ ವೈದ್ಯ ತೆಗೆದುಕೊಳ್ಳುವ ಎಚ್ಚರವನ್ನೂ ತೆಗೆದುಕೊಳ್ಳದೆ, ಆ ಕಾರಣದಿಂದಲೇ ರೋಗಿಗೆ ಹಾನಿಯಾಗುವುದು. ಎರಡೂ ಸೇರಬೇಕು. ಎಚ್ಚರ ತಪ್ಪಿದ್ದೂ ಇರಬೇಕು, ಹಾನಿ ಅದರಿಂದಲೇ ಆಗಿರಬೇಕು. ಫಲಿತಾಂಶ ಕೆಟ್ಟದ್ದು ಎಂಬ ಒಂದೇ ಕಾರಣಕ್ಕೆ ನಿರ್ಲಕ್ಷ್ಯ ಎನ್ನಲಾಗುವುದಿಲ್ಲ. ನಮ್ಮ ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ.

ಮೂರು ಉದಾಹರಣೆಗಳು

ಮೊದಲು ಕಣ್ಣಿನ ಪೊರೆ. ಆಪರೇಷನ್ ಆಗಿ ಕೆಲವು ತಿಂಗಳೋ ವರ್ಷಗಳೋ ಕಳೆದ ಮೇಲೆ ದೃಷ್ಟಿ ಮತ್ತೆ ಮಂಜಾಗುವುದುಂಟು. "ಕಳಪೆ ಲೆನ್ಸ್ ಹಾಕಿ ಮೋಸ ಮಾಡಿದರು" ಎಂದು ಬಹಳ ಜನ ಭಾವಿಸುತ್ತಾರೆ. ಸಾಮಾನ್ಯವಾಗಿ ಆಗಿರುವುದು ಇಷ್ಟೇ: ಲೆನ್ಸಿನ ಹಿಂದಿರುವ ನಮ್ಮದೇ ತೆಳು ಪದರ ಮಬ್ಬಾಗಿರುತ್ತದೆ. ಇದು ಸಾಧಾರಣ ತೊಡಕು. ಲೇಸರ್‌ನಿಂದ ಕೆಲವೇ ನಿಮಿಷಗಳಲ್ಲಿ ಸರಿಯಾಗುತ್ತದೆ. ಕಣ್ಣಿನೊಳಗೆ ಕೀವಾಗುವುದು ಮಾತ್ರ ಬೇರೆ ಮಾತು. ಅದು ಬಲು ಅಪರೂಪ, ಆದರೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ಒಬ್ಬರಿಗೆ ಆದರೆ ಅದು ತೊಡಕಿರಬಹುದು. ಒಂದೇ ದಿನ ಒಂದೇ ಥಿಯೇಟರಿನಲ್ಲಿ ಆಪರೇಷನ್ ಆದ ಹಲವರಿಗೆ ಆದರೆ, ಉಪಕರಣ ಮತ್ತು ಔಷಧಿಗಳ ಶುದ್ಧತೆಯನ್ನು ಪ್ರಶ್ನಿಸಲೇಬೇಕು.

ಎರಡನೆಯದು ಮಂಡಿ. ಕೀಲು ಬದಲಿಸಿದ ಮೇಲೆ ಕೆಲವು ವಾರ ಊತ, ಬಿಸಿ, ನೋವು ಇರುವುದು ಸಹಜ. ನೂರರಲ್ಲಿ ಒಬ್ಬಿಬ್ಬರಿಗೆ ಒಳಗೆ ಇನ್ಫೆಕ್ಷನ್ ಆಗುತ್ತದೆ. ಕೆಲವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಇವು ಎಲ್ಲ ಒಳ್ಳೆಯ ಆಸ್ಪತ್ರೆಗಳಲ್ಲೂ ಆಗುತ್ತವೆ. ಆದರೆ ಹೆಪ್ಪು ತಡೆಯುವ ಕ್ರಮದ ಬಗ್ಗೆ ಯಾರೂ ಯೋಚಿಸಿಯೇ ಇರಲಿಲ್ಲ ಎಂದಾದರೆ ಅದನ್ನು ತೊಡಕು ಎಂದು ಬಿಟ್ಟುಬಿಡುವಂತಿಲ್ಲ. ಇಲ್ಲಿಗೆ ಬರುವ ವಿಮಾನದಲ್ಲಿ ಗಂಟೆಗಟ್ಟಲೆ ಕುಳಿತಿರಬೇಕು, ಅದರಿಂದಲೂ ಹೆಪ್ಪಿನ ಅಪಾಯ ಹೆಚ್ಚು. ಆದ್ದರಿಂದ ಟಿಕೆಟ್ ಮಾಡಿಸುವ ಮುಂಚೆಯೇ "ಯಾವಾಗ ಹಾರಬಹುದು?" ಎಂದು ನಿಮ್ಮ ಸರ್ಜನ್ನರನ್ನು ಕೇಳಿ.

ಮೂರನೆಯದು ಪಿತ್ತಕೋಶದ ಕಲ್ಲು. ರಂಧ್ರ ಮಾಡಿ ಪಿತ್ತಕೋಶ ತೆಗೆಯುವಾಗ, ಸಾವಿರಕ್ಕೆ ಕೆಲವರಲ್ಲಿ ಪಕ್ಕದ ಪಿತ್ತನಾಳಕ್ಕೆ ಪೆಟ್ಟಾಗುತ್ತದೆ. ಅನುಭವಿ ಕೈಯಲ್ಲೂ ಆಗಬಹುದು. ಈಗ ಗಮನಿಸಿ. ಮನೆಗೆ ಹೋದ ರೋಗಿಗೆ ಜ್ವರ, ಹೊಟ್ಟೆನೋವು ಬರುತ್ತದೆ, ಕಣ್ಣು ಹಳದಿಯಾಗುತ್ತದೆ. ಫೋನ್ ಮಾಡಿದರೆ "ಗ್ಯಾಸ್ ಇರಬೇಕು, ಮಾತ್ರೆ ತೆಗೆದುಕೊಳ್ಳಿ" ಎನ್ನುತ್ತಾರೆ. ನಾಲ್ಕು ದಿನ ಯಾರೂ ಮುಟ್ಟಿ ನೋಡುವುದಿಲ್ಲ. ಪೆಟ್ಟಾದದ್ದು ತೊಡಕಾಗಿರಬಹುದು. ನಾಲ್ಕು ದಿನ ನೋಡದಿದ್ದದ್ದು ನಿರ್ಲಕ್ಷ್ಯವಾಗಬಹುದು. ಬಹಳಷ್ಟು ಪ್ರಕರಣಗಳಲ್ಲಿ ನಿಜವಾದ ಪ್ರಶ್ನೆ ಇರುವುದು ಆಪರೇಷನ್ ಟೇಬಲ್ಲಿನ ಮೇಲಲ್ಲ, ಅದರ ನಂತರದ ದಿನಗಳಲ್ಲಿ.

ವಾದಕ್ಕೆ ಎಡೆಯೇ ಇಲ್ಲದ ತಪ್ಪುಗಳೂ ಇವೆ. ಬಲಮಂಡಿಯ ಬದಲು ಎಡಮಂಡಿ ಕೊಯ್ಯುವುದು, ಹೊಟ್ಟೆಯೊಳಗೆ ಬಟ್ಟೆ ಬಿಡುವುದು, ಅಲರ್ಜಿ ಇದೆ ಎಂದು ಬರೆದಿದ್ದರೂ ಅದೇ ಔಷಧಿ ಕೊಡುವುದು. ಇವನ್ನು ತಡೆಯಲೆಂದೇ ವಿಶ್ವ ಆರೋಗ್ಯ ಸಂಸ್ಥೆ 19 ಅಂಶಗಳ ಪಟ್ಟಿಯೊಂದನ್ನು ಮಾಡಿದೆ. ಆಪರೇಷನ್ನಿಗೆ ಮುಂಚೆ ನಿಮ್ಮ ಹೆಸರು, ಯಾವ ಕಡೆ ಎಂದು ಮತ್ತೆ ಮತ್ತೆ ಕೇಳಿದರೆ ಬೇಸರಪಡಬೇಡಿ. ಕೇಳದಿದ್ದರೆ ನೀವೇ ಹೇಳಿ.

ನಿಮಗೆ ನೀವೇ ಕೇಳಿಕೊಳ್ಳಬೇಕಾದದ್ದು

ಒಂದು, ಈ ತೊಂದರೆ ಬರಬಹುದೆಂದು ನನಗೆ ಮೊದಲೇ ತಿಳಿಯುವ ಭಾಷೆಯಲ್ಲಿ ಹೇಳಿದ್ದರೇ? ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಹೇಳಿದಂತಾಗುವುದಿಲ್ಲ. ಹಾಗೆಯೇ, ಸಹಿ ಹಾಕಿದ ಮಾತ್ರಕ್ಕೆ ನಿರ್ಲಕ್ಷ್ಯವನ್ನು ಪ್ರಶ್ನಿಸುವ ಹಕ್ಕೂ ಹೋಗುವುದಿಲ್ಲ.

ಎರಡು, ತೊಂದರೆ ಹೇಳಿಕೊಂಡಾಗ ಬೇಗ ನೋಡಿದರೇ, ಪರೀಕ್ಷೆ ಮಾಡಿಸಿದರೇ?

ಮೂರು, ಏನಾಯಿತೆಂದು ಎದುರಿಗೆ ಕೂತು ವಿವರಿಸಿದರೇ, ಅಥವಾ ತಪ್ಪಿಸಿಕೊಂಡು ಓಡಾಡಿದರೇ?

ಮೂರಕ್ಕೂ ಉತ್ತರ ಚೆನ್ನಾಗಿದ್ದರೆ ಅದು ಬಹುಮಟ್ಟಿಗೆ ತೊಡಕು. ಇಲ್ಲದಿದ್ದರೆ ಕಾಗದಪತ್ರಗಳನ್ನು ಇನ್ನೊಬ್ಬ ತಜ್ಞರಿಗೆ ತೋರಿಸುವುದು ಒಳ್ಳೆಯದು.

ಮೊದಲು ಚಿಕಿತ್ಸೆ, ಆಮೇಲೆ ವಿಚಾರಣೆ

ತಪ್ಪು ಯಾರದೆಂದು ಆಮೇಲೆ ನೋಡೋಣ. ಈ ಲಕ್ಷಣಗಳಿದ್ದರೆ ಮಾತ್ರ ಅದೇ ದಿನ ವೈದ್ಯರನ್ನು ಕಾಣಲೇಬೇಕು:

• ಚಳಿ ಜ್ವರ, ಅಥವಾ ಗಾಯದಿಂದ ಕೀವು ಬರುವುದು
• ದಿನದಿಂದ ದಿನಕ್ಕೆ ಕಡಿಮೆಯಾಗುವ ಬದಲು ಹೆಚ್ಚುತ್ತಿರುವ ನೋವು
• ಒಂದೇ ಕಾಲಿನ ಮೀನಖಂಡದಲ್ಲಿ ಊತ, ನೋವು
• ಆಪರೇಷನ್ ಆದ ಕಣ್ಣು ಕೆಂಪಾಗಿ, ನೋವಾಗಿ, ದೃಷ್ಟಿ ಕುಗ್ಗುವುದು
• ಕಣ್ಣು ಹಳದಿಯಾಗುವುದು

ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ತಡಮಾಡದೆ 911ಕ್ಕೆ ಕರೆ ಮಾಡಿಸಿ.

ಇಲ್ಲೊಂದು ಮಾತು ಕೈಮುಗಿದು ಹೇಳುತ್ತೇನೆ. "ಮಗನಿಗೆ ಆಫೀಸಿದೆ, ಇಲ್ಲಿ ಆಸ್ಪತ್ರೆ ಖರ್ಚು ಲಕ್ಷಗಟ್ಟಲೆ, ಊರಿಗೆ ಹೋದ ಮೇಲೆ ತೋರಿಸಿದರಾಯಿತು" ಎಂದು ಜ್ವರವನ್ನು ಮುಚ್ಚಿಟ್ಟುಕೊಳ್ಳಬೇಡಿ. ಮೊದಲ ವಾರದಲ್ಲಿ ಔಷಧಿಗೆ ಬಗ್ಗುವ ಇನ್ಫೆಕ್ಷನ್, ತಿಂಗಳು ಬಿಟ್ಟರೆ ಹಾಕಿದ ಕೀಲನ್ನೇ ತೆಗೆಯುವಂತೆ ಮಾಡಬಹುದು. ಆಗ ಖರ್ಚೂ ಹೆಚ್ಚು, ಮಗನ ಓಡಾಟವೂ ಹೆಚ್ಚು. 1986ರ ಇಲ್ಲಿನ ಕಾನೂನಿನ ಪ್ರಕಾರ, ಎಮರ್ಜೆನ್ಸಿಗೆ ಬಂದವರನ್ನು ಹಣ, ಇನ್ಶೂರೆನ್ಸ್ ಕೇಳಿ ವಾಪಸು ಕಳಿಸುವಂತಿಲ್ಲ. ಪರೀಕ್ಷಿಸಿ, ಅಪಾಯದಿಂದ ಪಾರು ಮಾಡಲೇಬೇಕು. ಬಿಲ್ ಆಮೇಲೆ ಬರುತ್ತದೆ ನಿಜ. ಆದರೆ ಆ ಬಿಲ್ಲಿನ ಬಗ್ಗೆ ಆಸ್ಪತ್ರೆಯೊಡನೆ ಮಾತಾಡಬಹುದು, ಕಂತು ಕೇಳಬಹುದು. ವಿಸಿಟರ್ಸ್ ಇನ್ಶೂರೆನ್ಸ್‌ನಲ್ಲಿ ಹಳೆಯ ಕಾಯಿಲೆಗೆ ಎಷ್ಟರಮಟ್ಟಿಗೆ ರಕ್ಷಣೆ ಇದೆ ಎಂದು ಮಕ್ಕಳಿಂದ ಇಂದೇ ಓದಿಸಿಕೊಳ್ಳಿ.

ಇಂಗ್ಲಿಷ್ ಕಷ್ಟವೆಂದು ತಲೆಯಾಡಿಸಿ ಬರಬೇಡಿ. "ಕನ್ನಡ ಇಂಟರ್‌ಪ್ರಿಟರ್ ಬೇಕು" ಎನ್ನಿ. ಹೆಚ್ಚಿನ ಆಸ್ಪತ್ರೆಗಳು ಫೋನಿನಲ್ಲಾದರೂ ಉಚಿತವಾಗಿ ಒದಗಿಸುತ್ತವೆ.

ಕಾಗದಪತ್ರ ಮತ್ತು ದೂರು

ನಾನು ವೈದ್ಯ, ವಕೀಲನಲ್ಲ. ಆದರೂ ಇಷ್ಟು ತಿಳಿದಿರಲಿ. ಭಾರತದಲ್ಲಿ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕೆಂದು ವೈದ್ಯಕೀಯ ನಿಯಮವಿದೆ. ಇಲ್ಲಿ ಸಾಮಾನ್ಯವಾಗಿ 30 ದಿನ. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಆಪರೇಷನ್ ನೋಟ್ಸ್, ಒಳಗೆ ಹಾಕಿದ ಕೀಲು ಅಥವಾ ಲೆನ್ಸಿನ ಸ್ಟಿಕ್ಕರ್, ಲ್ಯಾಬ್ ರಿಪೋರ್ಟ್ ಎಲ್ಲವನ್ನೂ ಕೇಳಿ ಪಡೆಯಿರಿ. ಫೋಟೋ ತೆಗೆದು ಮಕ್ಕಳ ಫೋನಿನಲ್ಲೂ ಇಡಿ.

ಅನುಮಾನವಿದ್ದರೆ ಮೊದಲು ಆ ವೈದ್ಯರ ಬಳಿಯೇ ಶಾಂತವಾಗಿ ಕೇಳಿ. ಎಷ್ಟೋ ಅನುಮಾನಗಳು ಅಲ್ಲೇ ಬಗೆಹರಿಯುತ್ತವೆ. ಬಗೆಹರಿಯದಿದ್ದರೆ ಆಸ್ಪತ್ರೆಗೆ ಬರೆದು ಕೊಡಿ. ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನಡಿ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅಲ್ಲಿ ದೂರು ಕೊಡಲು ಸಾಮಾನ್ಯವಾಗಿ ಎರಡು ವರ್ಷದ ಗಡುವು. ಇಲ್ಲಿ ಆರು ತಿಂಗಳು ಇದ್ದೀರೆಂದು ಆ ಗಡುವು ನಿಲ್ಲುವುದಿಲ್ಲ. ಅಮೆರಿಕದಲ್ಲಿ ಆದ ಚಿಕಿತ್ಸೆಗೆ ಗಡುವು ರಾಜ್ಯದಿಂದ ರಾಜ್ಯಕ್ಕೆ ಬೇರೆ. ವಕೀಲರನ್ನು ಬೇಗ ಕೇಳಬೇಕು.

ವೈದ್ಯರನ್ನು ದೇವರೆಂದು ಕೈಮುಗಿಯುವುದು ನಮ್ಮ ಸಂಸ್ಕಾರ. ಕೈಮುಗಿಯಿರಿ, ಜೊತೆಗೆ ಪ್ರಶ್ನೆಯನ್ನೂ ಕೇಳಿ. ಒಳ್ಳೆಯ ವೈದ್ಯರು ಪ್ರಶ್ನೆಗೆ ಬೇಸರಪಡುವುದಿಲ್ಲ.

ಊಟದ ನಂತರ ಮೂಲೆಯ ಮೇಜಿನ ಬಳಿ ಇರುತ್ತೇನೆ. ಕಾಗದಪತ್ರ ತಂದವರು ಸಂಕೋಚವಿಲ್ಲದೆ ಬನ್ನಿ. ಮನೆಯಲ್ಲಿ ಹೇಳದೆ ಸಹಿಸಿಕೊಂಡಿರುವ ನೋವಿದ್ದರೆ, ಅವರು ಮೊದಲು ಬನ್ನಿ.