ನಗರದ ರೈಲು: ಖರ್ಚು ಹೊರುವವರು ಯಾರು?



ನಗರದ ರೈಲು ಎಂದೊಡನೆ ಜನ ಅದರ ವೇಗವನ್ನೂ ನಿಲ್ದಾಣಗಳ ಬೆಡಗನ್ನೂ ಹೊಗಳುತ್ತಾರೆ. ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ. ದುಡಿಯುವವನು ದಿನವೂ ಅದನ್ನು ಹತ್ತಬಲ್ಲನೇ? ಅದರ ಖರ್ಚನ್ನು ಹೊರುವವರು ಯಾರು? ಐದು ನಗರಗಳ ಲೆಕ್ಕ ನೋಡೋಣ.

ಜಗತ್ತಿನ ಮೊದಲ ನೆಲದಡಿಯ ರೈಲು 1863ರಲ್ಲಿ ಲಂಡನ್ನಿನಲ್ಲಿ ಓಡಿತು. ಆ ನಗರದೊಳಕ್ಕೆ ರೈಲು ಹಾದಿಗಳನ್ನು ತರುವಾಗ ಬಡವರ ಸಾವಿರಾರು ಮನೆಗಳನ್ನು ಕೆಡವಿದರು. ದೂರ ಹೋಗಿ ನೆಲಸಿದವರು ಕೆಲಸಕ್ಕೆ ಬರುವುದು ಹೇಗೆ? ಕಂಪೆನಿಗಳ ಕರುಣೆಯನ್ನು ನಂಬಿ ಕೂರಲಿಲ್ಲ. 1883ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ, ಕಾರ್ಮಿಕರಿಗಾಗಿ ಅಗ್ಗದ ಗಾಡಿಗಳನ್ನು ಓಡಿಸಬೇಕೆಂದು ವಿಧಿಸಿತು. ಬದಲಿಗೆ ಕಂಪೆನಿಗಳಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತು.

ನ್ಯೂಯಾರ್ಕಿನಲ್ಲಿ 1904ರಿಂದ 1948ರವರೆಗೆ ಐದೇ ಸೆಂಟು ದರ. ಜನಕ್ಕೆ ಅನುಕೂಲವೇ ಸರಿ. ಆದರೆ ಉಳಿದೆಲ್ಲದರ ಬೆಲೆ ಏರಿದಾಗ ಕೊರತೆ ತುಂಬುವ ಭದ್ರವಾದ ಏರ್ಪಾಡು ಇರಲಿಲ್ಲ. ಕಂಪೆನಿಗಳು ಸೊರಗಿದವು, 1940ರಲ್ಲಿ ನಗರವೇ ಅವುಗಳನ್ನು ಕೊಂಡಿತು, 1948ರಲ್ಲಿ ದರ ಒಮ್ಮೆಗೇ ಹತ್ತು ಸೆಂಟಾಯಿತು. ಅಗ್ಗದ ದರಕ್ಕೂ ಹಣದ ಮೂಲವೊಂದು ಬೇಕು.

ಆ ಮೂಲ ಎಲ್ಲಿದೆ? 1979ರಲ್ಲಿ ರೈಲು ಆರಂಭಿಸಿದ ಹಾಂಗ್‌ಕಾಂಗ್ ತೋರಿಸಿತು. ರೈಲು ಬಂದ ಕಡೆ ನೆಲದ ಬೆಲೆ ಏರುತ್ತದೆ. ಅಲ್ಲಿನ ಸರ್ಕಾರ ನಿಲ್ದಾಣದ ಸುತ್ತ ಕಟ್ಟಡ ಕಟ್ಟುವ ಹಕ್ಕನ್ನು ರೈಲು ಬರುವ ಮುಂಚಿನ ಬೆಲೆಗೆ ರೈಲು ಸಂಸ್ಥೆಗೇ ಕೊಟ್ಟಿತು. ಏರಿದ ಬೆಲೆಯ ಲಾಭ ಹಳಿಗೇ ಮರಳಿತು.

ಇನ್ನು ನಮ್ಮ ದೇಶ. ಮುಂಬಯಿಯಲ್ಲಿ ವಿದ್ಯುತ್ ಗಾಡಿ 1925ರಲ್ಲೇ ಓಡಿತು. ತಿಂಗಳ ಪಾಸು ಬಡವನ ಕೈಗೂ ಎಟಕುತ್ತದೆ. ಆದರೆ ಅಗ್ಗವೊಂದಿದ್ದರೆ ಸಾಲದು. 2025ರ ಜೂನ್ 9ರಂದು ಮುಂಬ್ರಾ ಬಳಿ, ಕಿಕ್ಕಿರಿದ ಗಾಡಿಗಳ ಬಾಗಿಲಲ್ಲಿ ಜೋತುಬಿದ್ದಿದ್ದ ಪ್ರಯಾಣಿಕರು ಬಿದ್ದು ಸತ್ತರು. ಕೆಲಸಕ್ಕೆ ಹೊರಟವನು ಜೀವ ಸಹಿತ ಮನೆಗೆ ಮರಳುವುದೂ ಲೆಕ್ಕಕ್ಕೆ ಸೇರಬೇಕು.

ಬೆಂಗಳೂರಿನ ಮೆಟ್ರೊ 2011ರಲ್ಲಿ ಆರಂಭವಾಯಿತು. 2025ರ ಫೆಬ್ರವರಿಯಲ್ಲಿ ಅದರ ಅತಿ ಹೆಚ್ಚಿನ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಹೋಗಿ ಬರಲು 120 ಇದ್ದದ್ದು 180. ತಿಂಗಳಿಗೆ 25 ದಿನ ದುಡಿದರೆ 3000 ಇದ್ದದ್ದು 4500. ಈ 1500 ರೂಪಾಯಿ ಎಲ್ಲಿಂದ ಬರಬೇಕು? ಮನೆಯ ರೇಷನ್ನಿನಿಂದ, ಮಕ್ಕಳ ಫೀಜಿನಿಂದ. ಕೂಲಿಯವನ ಕೈ ಬಿಗಿಯಾದರೆ ಅಂಗಡಿಯವನ ಗಲ್ಲಾಪೆಟ್ಟಿಗೆಯೂ ಬರಿದಾಗುತ್ತದೆ. ಆದ್ದರಿಂದ ಇದು ಇಬ್ಬರ ಪ್ರಶ್ನೆಯೂ ಹೌದು.

ರೈಲು ಬಂದದ್ದರಿಂದ ನಿಲ್ದಾಣದ ಪಕ್ಕದ ನಿವೇಶನದವನಿಗೆ ಲಾಭ, ನೌಕರ ಹೊತ್ತಿಗೆ ಸರಿಯಾಗಿ ಬಂದದ್ದರಿಂದ ಮಾಲೀಕನಿಗೆ ಲಾಭ. ಲಾಭ ಹಲವರಿಗೆ, ಚಾರ್ಜು ಮಾತ್ರ ಹತ್ತಿದವನಿಗೆ ಎಂದರೆ ಅದು ಯಾವ ನ್ಯಾಯ? ಲಾಭ ಪಡೆದವರೆಲ್ಲ ಪಾಲು ಕೊಡಲಿ. ದರ ಏರಿಸುವ ಮುನ್ನ ಆ ಪಾಲಿನ ಲೆಕ್ಕ ಜನರ ಮುಂದೆ ಬರಲಿ. ದುಡಿಯುವವರಿಗೆ ರಿಯಾಯಿತಿ ಕಾಯಿದೆಯಿಂದಲೇ ಸಿಗಲಿ. 1883ರಲ್ಲಿ ಲಂಡನ್ನಿನಲ್ಲಿ ಆದದ್ದು ಇಂದು ಇಲ್ಲಿ ಆಗದೇಕೆ?