ಊಟ ಬಲ್ಲ ವಿದ್ಯಾರ್ಥಿ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಉಣ್ಣುವವರು ಎಲ್ಲರೂ, ಬಲ್ಲವರು ಕೆಲವರು. ಹಸಿದಾಗ ಉಂಡು, ಸಾಕೆನಿಸಿದಾಗ ಕೈ ತೊಳೆಯುವವನೇ ಊಟ ಬಲ್ಲವನು. ಹೊಟ್ಟೆಯನ್ನು ಮೂರು ಪಾಲು ಮಾಡಿ, ಒಂದನ್ನು ಗಟ್ಟಿ ಆಹಾರಕ್ಕೂ ಒಂದನ್ನು ದ್ರವಕ್ಕೂ ಕೊಟ್ಟು, ಮೂರನೆಯದನ್ನು ವಾತ ಪಿತ್ತ ಕಫಗಳಿಗೆ ಬಿಡಬೇಕೆಂದು ಚರಕಸಂಹಿತೆ ಹೇಳಿತು. 1995ರಲ್ಲಿ ಅಮೆರಿಕೆಯ ಆಹಾರತಜ್ಞೆಯರಾದ ಎವೆಲಿನ್ ಟ್ರಿಬೋಲಿ ಮತ್ತು ಎಲಿಸ್ ರೆಶ್ ಪಥ್ಯದ ಪಟ್ಟಿಗಿಂತ ಒಳಗಿನ ಹಸಿವು ತೃಪ್ತಿಗಳ ಮಾತನ್ನು ನಂಬಿರೆಂದು ಪುಸ್ತಕವನ್ನೇ ಬರೆದರು.

ಧಾರವಾಡವು ವಿದ್ಯಾರ್ಥಿಗಳ ಊರು. 1917ರಲ್ಲಿ ಕರ್ನಾಟಕ ಕಾಲೇಜು, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ ಹುಟ್ಟಿದವು. ಹಿಂದೆ ಬಡ ಹುಡುಗರು ವಾರಾನ್ನದಿಂದ ಓದಿದರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಮುರುಘಾಮಠದ ಪ್ರಸಾದ ನಿಲಯವು ಎಷ್ಟೋ ಮಕ್ಕಳಿಗೆ ಅನ್ನ ನೀಡಿತು. ತಾಟು ತುಂಬುವ ಭರವಸೆಯಿದ್ದಲ್ಲಿ ಮಾತ್ರ ಹಸಿವಿನ ಮಾತನ್ನು ಆಲಿಸಲು ಪುರುಸೊತ್ತು ಸಿಗುತ್ತದೆ. ಇದನ್ನು ನಾವು ಮರೆಯಬಾರದು.

ಇಂದಿನ ಹುಡುಗರ ತೊಡಕು ಬೇರೆ. ಬೆಳಗಿನ ತರಗತಿಗೆ ಓಡುವ ಅವಸರದಲ್ಲಿ ನಾಷ್ಟಾ ತಪ್ಪುತ್ತದೆ. ಸಂಜೆ ಗಿರಮಿಟ್ಟು, ಮಿರ್ಚಿ ಭಜಿ ಆ ಜಾಗವನ್ನು ತುಂಬುತ್ತವೆ. ಪರೀಕ್ಷೆಯ ರಾತ್ರಿ ಚಹದ ಮೇಲೆ ಚಹ. ಕೈಯಲ್ಲಿ ಮೊಬೈಲು ಹಿಡಿದು ಉಂಡವನಿಗೆ ಎಷ್ಟು ರೊಟ್ಟಿ ಮುರಿದೆನೆಂಬುದೇ ತಿಳಿಯದು.

ದೇಹಕ್ಕೂ ಒಂದು ಗಡಿಯಾರವುಂಟು. 1999ರಲ್ಲಿ ಜಪಾನಿನ ವಿಜ್ಞಾನಿಗಳು ಜಠರದಲ್ಲಿ ಹುಟ್ಟುವ ಗ್ರೆಲಿನ್ ಎಂಬ ಹಾರ್ಮೋನನ್ನು ಗುರುತಿಸಿದರು. ರೂಢಿಯ ಊಟದ ಹೊತ್ತು ಸಮೀಪಿಸಿದಂತೆ ಅದು ಏರಿ ಹಸಿವನ್ನು ಎಬ್ಬಿಸುತ್ತದೆ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಚೆನ್ನಾಗಿ ಮುಟ್ಟಲು ಸುಮಾರು 20 ನಿಮಿಷ ಬೇಕು. ಆದ್ದರಿಂದ ಹೊತ್ತು ತಪ್ಪಿಸಿ ಗಬಗಬನೆ ನುಂಗುವವನಿಗೆ ಹಸಿವೂ ತಿಳಿಯದು, ತೃಪ್ತಿಯೂ ತಿಳಿಯದು.

ಹಸಿವನ್ನು ನಂಬುವುದೆಂದರೆ ನಾಲಿಗೆ ಬಯಸಿದ್ದನ್ನೆಲ್ಲ ತಿನ್ನುವುದಲ್ಲ. ಬೇಸರ, ಪರೀಕ್ಷೆಯ ಭಯ, ಗೆಳೆಯರ ಒತ್ತಾಯ ಇವೂ ಹಸಿವಿನ ವೇಷದಲ್ಲಿ ಬರುತ್ತವೆ. ಒಂದು ಗಳಿಗೆ ತಡೆದು ನೋಡಬೇಕು: ಜೋಳದ ರೊಟ್ಟಿ, ಕಾಳಿನ ಪಲ್ಲೆ ಕೊಟ್ಟರೂ ಉಣ್ಣಬೇಕೆನಿಸಿದರೆ ಅದು ಬಹುಮಟ್ಟಿಗೆ ನಿಜವಾದ ಹಸಿವು. ಸಕ್ಕರೆ ಕಾಯಿಲೆಯುಳ್ಳವರು ಮಾತ್ರ ವೈದ್ಯರ ಮಾತನ್ನು ಮೀರಬಾರದು.

ಮನೆಯವರಿಗೂ ಒಂದು ವಿನಂತಿ. ರಜೆಗೆ ಬಂದ ಮಗನೋ ಮಗಳೋ ‘ಸಾಕವ್ವಾ’ ಎಂದರೆ ‘ಇನ್ನೊಂದs ರೊಟ್ಟಿ’ ಎಂದು ತಾಟಿಗೆ ಹಾಕದಿರಿ. ‘ಯಾಕ ದಪ್ಪ ಆಗೀ?’ ಎಂದು ಕೇಳಿ ಉಣ್ಣುವವರನ್ನು ನಾಚಿಸದಿರಿ. ಹಸಿವೆಯನ್ನೂ ಸಾಕೆನ್ನುವುದನ್ನೂ ಮಕ್ಕಳು ತಾವೇ ಹೇಳಲಿ. ಆ ಮಾತನ್ನು ನಾವು ಗೌರವಿಸಿದರೆ, ಊಟ ಬಲ್ಲವರ ಸಂಖ್ಯೆ ಮನೆಯಿಂದಲೇ ಹೆಚ್ಚೀತು.